ಬಾಯಲ್ಲೇ ನಿಂತ ತುತ್ತು

ಒಂದು ಚಮಚ ಮೊಸರನ್ನು ಆಕೆಯ ಬಾಯಿಗಿಟ್ಟು, ಎರಡು ಬೆರಳನ್ನು ಗಂಟಲ ಮೇಲಿಟ್ಟು ಕಾದೆ. ನುಂಗುವಾಗ ಗಂಟಲ ಗಂಟು ಮೇಲೆದ್ದು ಕೆಳಗಿಳಿಯುತ್ತದೆ. ಅದು ಬೆರಳಿಗೆ ತಗಲಬೇಕು. ತಗಲಲಿಲ್ಲ. ಆಕೆ ತುಟಿ ಮುಚ್ಚಿ, ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ಆನಿಸಿಕೊಂಡು ಕೂತುಬಿಟ್ಟರು. ನಿದ್ದೆಯೇ ಬಂತೇನೋ ಅಂದುಕೊಂಡು ಭುಜ ತಟ್ಟಲು ಕೈಯೆತ್ತಿದೆ. ಅಷ್ಟರಲ್ಲಿ ಗಂಟು ಎದ್ದು ಇಳಿಯಿತು. ಎರಡನೇ ಚಮಚವನ್ನು ಬೇಗ ನುಂಗಿದರು. ಮೂರನೆಯದನ್ನೂ ಹಾಗೇ. 'ಆ' ಅನ್ನಿ ನೋಡೋಣ ಅಂದೆ. ಬಂದ ದನಿ ಒದ್ದೆಯಾಗಿತ್ತು. ಅಂದರೆ ಮೊಸರು ದಾರಿ ತಪ್ಪಿ ಶ್ವಾಸನಾಳದ ಬಾಗಿಲಲ್ಲಿ ಕೂತಿದೆ ಎಂದರ್ಥ. ತುತ್ತನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಾರೆ, ನುಂಗುವುದು ತಡ, ಆಮೇಲೆ ದನಿ ಒದ್ದೆ ಎಂದು ಬರೆದೆ. ಮಂಚದ ತಲೆಗೆ 'ಬಾಯಿಗೆ ಏನೂ ಕೊಡಬೇಡಿ' ಎಂಬ ಫಲಕ ಹಾಕಿಸಿ ಮುಂದಿನ ರೋಗಿಯ ಕಡೆ ಓಡಿದೆ.

ಸ್ಪೀಚ್ ಥೆರಪಿಸ್ಟ್ ಅಂದರೆ ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವವಳು ಅಂತ ಮೈಸೂರಿನ ನಮ್ಮ ನೆಂಟರೆಲ್ಲ ಇವತ್ತಿಗೂ ನಂಬಿದ್ದಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ನಾನು ಮಾಡುವುದು ಹೆಚ್ಚಾಗಿ ಗಂಟಲಿನ ಕೆಲಸ. ಸ್ಟ್ರೋಕ್ ಆದವರು ಏನು ತಿನ್ನಬಹುದು, ಎಷ್ಟು ಗಟ್ಟಿ, ಎಷ್ಟು ತೆಳು, ಅಥವಾ ಏನೂ ಬೇಡವೋ ಎಂದು ಹೇಳುವವಳು ನಾನು. ದಿನವಿಡೀ ಬೇರೆಯವರು ನುಂಗುವುದನ್ನು ನೋಡಿ, ಮಧ್ಯಾಹ್ನ ನನ್ನ ಸ್ಯಾಂಡ್‌ವಿಚ್ಚನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಗುವ ಓಣಿಯಲ್ಲಿ ನಡೆಯುತ್ತಲೇ ಮುಗಿಸುತ್ತೇನೆ. ಹೇಗೆ ತಿಂದೆ ಅಂತ ಯಾರಾದರೂ ಪರೀಕ್ಷೆ ಮಾಡಿದರೆ ನನಗೇ ಫಲಕ ಹಾಕಬೇಕು.

ಮೊಸರು ನುಂಗಿದ ಆಕೆ ಉಡುಪಿ ಕಡೆಯವರು, ಮಿಷನ್ ಕಾಲದ ಹಳೆಯ ಪ್ರಾಟೆಸ್ಟೆಂಟ್ ಮನೆತನದವರು. ಇಲ್ಲಿನ ಆಸ್ಪತ್ರೆಗಳಲ್ಲೇ ನರ್ಸ್ ಆಗಿ ದುಡಿದು ನಿವೃತ್ತರಾದ ವಿಧವೆ. ಮಿದುಳಿನ ಬುಡದಲ್ಲಿ ಸ್ಟ್ರೋಕ್ ಆಗಿತ್ತು. ನಾಲಿಗೆ ತೊದಲುತ್ತಿತ್ತು, ಸ್ವಲ್ಪ ದಣಿದರೆ ಇಂಗ್ಲಿಷ್ ಜಾರಿಹೋಗಿ ಕನ್ನಡವೊಂದೇ ಉಳಿಯುತ್ತಿತ್ತು. ಹಾಗಾಗಿ ಅವರು ನನ್ನ ಪಾಲಿಗೆ ಬಂದರು. ನಾನು ಆಂಟಿ ಅನ್ನುತ್ತಿದ್ದೆ. ಅವರು ಮೊದಲ ದಿನವೇ ನನ್ನನ್ನು ಮಾರಾಯ್ತಿ ಮಾಡಿಕೊಂಡರು.

ಒಬ್ಬಳೇ ಮಗಳು, ಮ್ಯಾಂಚೆಸ್ಟರ್ ಹತ್ತಿರ ಸಾಲ್ಫರ್ಡ್‌ನಲ್ಲಿ ಜಿಪಿ, ಫ್ಯಾಮಿಲಿ ಡಾಕ್ಟರು. ತನ್ನ ಕ್ಲಿನಿಕ್ಕಿನ ಪಾಳಿಯಲ್ಲಿ ಬಿಡುವು ಸಿಕ್ಕಾಗೆಲ್ಲ ರೈಲು ಹತ್ತಿ ಬರುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. ತಾಯಿಯ ಮೂಗಿಗೆ ಹಾಕಿದ್ದ ಊಟದ ಕೊಳವೆಯನ್ನು ನೋಡಿ ಅವಳಿಗೆ ಒಂದು ನಮೂನೆ ನೆಮ್ಮದಿಯಾಗಿತ್ತು. ಮುಂದೆ ಹೊಟ್ಟೆಗೇ ಕೊಳವೆ ಹಾಕಿಸಿಬಿಡಬೇಕು, ಆಮೇಲೆ ಎದೆಯ ಸೋಂಕಿನ ಭಯವಿರುವುದಿಲ್ಲ ಎಂದು ಲೆಕ್ಕ ಹಾಕಿಯಾಗಿತ್ತು.

ಆಂಟಿಗೆ ಹೊಟ್ಟೆಯ ಕೊಳವೆ ಬೇಡ. ಬೇಡವೆಂದು ನಗುತ್ತಲೇ ಹೇಳುತ್ತಿದ್ದರು. ಅದೇ ತೊಂದರೆಯಾಯಿತು. ನಮ್ಮ ಕನ್ಸಲ್ಟೆಂಟ್ ಲೀಡ್ಸ್ ಕಡೆಯವರು, ಒಳ್ಳೆಯ ಮನುಷ್ಯ, ಮುಖದಲ್ಲಿ ನಗು ಹುಡುಕಿದರೂ ಸಿಗದು. ಬಾಯಿಂದ ತಿಂದರೆ ನಿಮ್ಮ ಜೀವ ಹೋಗಬಹುದು ಎಂದು ಅವರು ಹೇಳಿದಾಗ ಈಕೆ ಅವರ ಕೈಹಿಡಿದು ಥ್ಯಾಂಕ್ಸ್ ಡಾಕ್ಟರ್ ಅಂದರಂತೆ. ಇಷ್ಟು ಕೆಟ್ಟ ಸುದ್ದಿಗೆ ಇಷ್ಟು ಸಂತೋಷವಾಗಿರುವವರಿಗೆ ತಮ್ಮ ಸ್ಥಿತಿ ಅರ್ಥವಾಗಿದೆಯೇ ಎಂಬ ಅನುಮಾನ ಅವರಿಗೆ ಬಂತು. ಅರ್ಥವಾಗಿಲ್ಲವೆಂದಾದರೆ ಕಾನೂನಿನ ಪ್ರಕಾರ ತೀರ್ಮಾನ ಆಕೆಯ ಕೈಲಿರುವುದಿಲ್ಲ. ನನಗೂ ಅನುಮಾನವೇ. ನಾನೂ ಹುಟ್ಟಾ ಕ್ರೈಸ್ತಳು. ಸದಾ ಸಂತೋಷ ಅನ್ನುವ ಕ್ರೈಸ್ತರನ್ನು ಚಿಕ್ಕಂದಿನಿಂದ ನೋಡಿ ಸಾಕಾಗಿತ್ತು. ಭಾನುವಾರ ಡ್ಯೂಟಿ ಬಿದ್ದರೆ ಸದ್ಯ ಚರ್ಚು ತಪ್ಪಿತಲ್ಲ ಅಂತ ಒಳಗೊಳಗೇ ಹಗುರವಾಗುತ್ತಿದ್ದ ವರ್ಷಗಳವು. ಪ್ರಾರ್ಥನೆ ಯಾವಾಗ ನಿಂತಿತೋ ನನಗೇ ಗೊತ್ತಿಲ್ಲ.

ಎಕ್ಸ್-ರೇ ವಿಡಿಯೋ ಮಾಡಿಸೋಣ ಅಂದೆ. ಆಹಾರಕ್ಕೆ ಬೇರಿಯಂ ಬೆರೆಸಿ ತಿನ್ನಿಸಿದರೆ ಅದು ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಅನ್ನನಾಳಕ್ಕೆ ಹೋಯಿತೋ ಶ್ವಾಸನಾಳಕ್ಕೆ ಜಾರಿತೋ ಕಣ್ಣಾರೆ ನೋಡಬಹುದು. ಆಂಟಿಯನ್ನು ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿಸಿ ಕೂರಿಸಿದೆವು. ಮೊದಲು ತೆಳ್ಳಗಿನದು. ಮತ್ತೆ ಅದೇ ಕತೆ: ಬಾಯಲ್ಲಿಟ್ಟುಕೊಂಡು ಕಣ್ಣುಮುಚ್ಚಿ ಕೂತರು. ವಿಕಿರಣ ಹೆಚ್ಚಾಗುತ್ತದೆ, ನುಂಗಲು ಹೇಳಿ ಎಂದು ರೇಡಿಯೋಗ್ರಾಫರ್ ಗಾಜಿನಾಚೆಯಿಂದ ಗೊಣಗಿದರು. ನಾನೂ ನುಂಗಿ ಆಂಟಿ, ನುಂಗಿ ಅಂದೆ. ಅವರು ತಮಗೆ ಬೇಕಾದಾಗ ನುಂಗಿದರು. ಮುಂದಿನದಕ್ಕೆ ತಡವಿಲ್ಲ, ಗುಳುಂ. ಪರದೆಯ ಮೇಲೆ ಒಂದು ಕಪ್ಪು ಎಳೆ ಶ್ವಾಸನಾಳಕ್ಕೆ ಇಳಿಯಿತು. ಕೆಮ್ಮು ಬರಬೇಕಿತ್ತು, ಬರಲಿಲ್ಲ. ಇದನ್ನು ನಾವು ಸದ್ದಿಲ್ಲದ ಸೋರಿಕೆ ಅನ್ನುತ್ತೇವೆ. ಇದಕ್ಕಿಂತ ಕೆಟ್ಟದ್ದು ಇಲ್ಲ, ಯಾಕೆಂದರೆ ಪಕ್ಕದಲ್ಲಿ ಕೂತು ಉಣಿಸುವವರಿಗೂ ಗೊತ್ತಾಗುವುದಿಲ್ಲ. ಮಂದವಾದದ್ದು ಕೊಟ್ಟೆ, ಕಸ್ಟರ್ಡ್ ಕೊಟ್ಟೆ. ಎಲ್ಲದರಲ್ಲೂ ಸೋರಿತು. ಮಗಳಿಗೆ ಫೋನ್ ಮಾಡಿ ಕೆಟ್ಟ ಸುದ್ದಿಯೇ ಹೇಳಿದೆ. ಅವಳು ಸರಿ, ಹಾಗಾದರೆ ಹೊಟ್ಟೆಯ ಕೊಳವೆಗೆ ಬರೆಯಿರಿ ಅಂದಳು.

ವರದಿ ಬರೆಯಲು ವಿಡಿಯೋವನ್ನು ನಿಧಾನವಾಗಿ ಓಡಿಸಿ ನೋಡುತ್ತಾ ಕೂತೆ. ತೆಳ್ಳಗಿನದು: ಮೊದಲ ತುತ್ತು ಶುದ್ಧ, ಎರಡನೆಯದು ಸೋರಿಕೆ. ಮಂದವಾದದ್ದು: ಮೊದಲನೆಯದು ಶುದ್ಧ, ಎರಡನೆಯದು ಸೋರಿಕೆ. ಕಸ್ಟರ್ಡೂ ಹಾಗೇ. ಇದೆಂಥ ಗ್ರಹಚಾರ ಅಂದುಕೊಂಡೆ. ಗಂಟಲು ದಣಿದು ಸೋರುವುದಾದರೆ ಕೊನೆಕೊನೆಗೆ ಸೋರಬೇಕು. ಹೊಸ ತಿನಿಸು ಬಂದ ತಕ್ಷಣ ಮತ್ತೆ ಸರಿಹೋಗಲು ಅದಕ್ಕೇನು ಹಬ್ಬವೇ? ಮತ್ತೆ ನೋಡಿದೆ. ಆಗ ಗಲ್ಲ ಕಣ್ಣಿಗೆ ಬಿತ್ತು. ಶುದ್ಧವಾಗಿ ಇಳಿದ ಪ್ರತಿ ತುತ್ತಿನಲ್ಲೂ ಗಲ್ಲ ಎದೆಗೆ ತಾಗಿತ್ತು, ತುತ್ತು ನಾಲಿಗೆಯ ಮೇಲೆ ಒಂದಾಗಿ ಕೂತು ಕಾಯುತ್ತಿತ್ತು. ಸೋರಿದ್ದರಲ್ಲೆಲ್ಲ ತಲೆ ನೆಟ್ಟಗೆ, ನುಂಗುವುದು ಗಡಿಬಿಡಿ. ಗಲ್ಲ ತಗ್ಗಿಸಿ, ತಡೆದು ನುಂಗುವುದು ನಾವು ಕೆಲವು ರೋಗಿಗಳಿಗೆ ಕಲಿಸುವ ಉಪಾಯ. ಶ್ವಾಸನಾಳದ ಬಾಯಿ ಕಿರಿದಾಗುತ್ತದೆ, ಗಂಟಲಿಗೆ ಸಿದ್ಧವಾಗಲು ಸಮಯ ಸಿಗುತ್ತದೆ. ಯಾರೂ ಕಲಿಸದೆ ಈಕೆ ಅದನ್ನು ಮೊದಲ ತುತ್ತಿಗೆ ಮಾತ್ರ ಯಾಕೆ ಮಾಡುತ್ತಾರೆ?

ವಾರ್ಡಿಗೆ ಹೋಗಿ ಕೇಳಿದೆ. ಆಂಟಿ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

"ಊಟ ಕೊಟ್ಟ ದೇವರಿಗೆ ಸ್ತೋತ್ರ ಹೇಳುದು ಮಾರಾಯ್ತಿ, ಮತ್ತೆಂತ. ನೀನು ಕ್ರಿಶ್ಚನ್ ಅಲ್ವಾ?"

"ಸ್ತೋತ್ರ ಊಟಕ್ಕೆ ಮುಂಚೆ ಅಲ್ವಾ ಆಂಟಿ ಹೇಳೋದು?"

"ನಮ್ಮ ಅಮ್ಮ ಬಿಡ್ತಿರ್ಲಿಲ್ಲ. ರುಚಿ ನೋಡದೆ ಉಪಕಾರ ಹೇಳಿದ್ರೆ ಅದು ಬರೀ ಮರ್ಯಾದೆಗೆ ಹೇಳಿದ್ದು ಅಂತ. ಬಾಯಲ್ಲಿ ಇಟ್ಟುಕೊಂಡು ಹೇಳ್ಬೇಕು. ಹೊಸ ಪದಾರ್ಥ ಬಡಿಸಿದ್ರೆ ಮತ್ತೊಮ್ಮೆ. ಮದುವೆ ಊಟದಲ್ಲಿ ಪಂಕ್ತಿಯಿಂದ ಕೊನೆಗೆ ಏಳುದು ನಾವೇ."

ನಮ್ಮ ಮನೆಯಲ್ಲಿ ಅನ್ನ ಆರಿಹೋಗುವಷ್ಟು ಉದ್ದದ ಪ್ರಾರ್ಥನೆ, ಅದು ಮುಗಿಯುವವರೆಗೆ ತಟ್ಟೆಗೆ ಕೈ ಹಾಕುವ ಹಾಗಿಲ್ಲ. ಬಾಯಲ್ಲಿ ತುತ್ತಿಟ್ಟುಕೊಂಡು ಪ್ರಾರ್ಥಿಸುವ ಕ್ರೈಸ್ತರನ್ನು ನಾನು ಕಂಡಿರಲೇ ಇಲ್ಲ. ಅದಕ್ಕೇ ನನಗೆ ಹೊಳೆಯಲಿಲ್ಲ. ಬೇರಿಯಂಗೂ ಸ್ತೋತ್ರ ಹೇಳಿದಿರಾ ಅಂತ ಕೇಳಿದೆ. "ಹೇಳದೆ? ರುಚಿ ಮಾತ್ರ ದೇವರಿಗೇ ಪ್ರೀತಿ," ಅಂದರು.

ಕೊಳವೆಯ ಮಾತನ್ನು ತಡೆಹಿಡಿದೆ. ಕನ್ಸಲ್ಟೆಂಟರಿಗೆ ವಿಡಿಯೋ ತೋರಿಸಿ, ಪ್ರತಿ ತುತ್ತಿಗೂ ಆಕೆ ಹಾಗೇ ಮಾಡಿದರೆ ಒಂದಿಷ್ಟನ್ನಾದರೂ ಬಾಯಿಂದ ತಿನ್ನಬಹುದು ಅಂದೆ. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಒಂದು ಪ್ರಾರ್ಥನೆ ಎಂದು ರೋಗಿಯ ಆಹಾರಕ್ರಮದಲ್ಲಿ ಬರೆಯಲು ಅವರ ಕೈ ಬರಲಿಲ್ಲ. ಗಲ್ಲ ತಗ್ಗಿಸಿ, ಆಕೆ ಬೆರಳು ತಟ್ಟುವವರೆಗೆ ಕಾಯುವುದು ಎಂದು ಬರೆದೆವು. ಆಮೆನ್ ಆಯಿತೆಂದು ತಿಳಿಸಲು ಆಂಟಿ ಮಂಚದ ಕಂಬಿಯ ಮೇಲೆ ಬೆರಳು ತಟ್ಟಬೇಕು, ಆಮೇಲೆ ನುಂಗಬೇಕು ಎಂದು ನಮ್ಮಿಬ್ಬರ ಒಪ್ಪಂದ. ಅವರು ಕೇಳಿದ್ದು ಗಂಜಿ. ನಮ್ಮ ಕಸುಬಿನಲ್ಲಿ ಗಂಜಿಯಷ್ಟು ಅಪಾಯದ ಪದಾರ್ಥ ಇನ್ನೊಂದಿಲ್ಲ. ನೀರು ಮೊದಲು ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ, ಗಂಟಲಿಗೆ ಯಾವುದನ್ನು ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಅರೆದು, ಸೋಸಿ, ಮಂದ ಮಾಡುವ ಪುಡಿ ಹಾಕಿ ಕೊಟ್ಟೆ. ಇದು ಗಂಜಿ ಅಲ್ಲ ಮಾರಾಯ್ತಿ, ಗೋಂದು ಅಂದರು. ಅದಕ್ಕೂ ಗಲ್ಲ ತಗ್ಗಿಸಿದರು.

ಒಂದು ಶನಿವಾರ ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆ. ಹೊಸಬರೊಬ್ಬರು ಉಣಿಸಲು ಕೂತರು. ಪಾಪ, ಅವರಿಗೆ ಇನ್ನೂ ಅರ್ಧ ವಾರ್ಡು ಬಾಕಿ. ಒಂದರ ಹಿಂದೆ ಒಂದು ಚಮಚ. ಆಂಟಿಯ ಬೆರಳು ತಟ್ಟುವ ಮೊದಲೇ ಇನ್ನೊಂದು ತುತ್ತು. ಸೋಮವಾರ ನಾನು ಬರುವಷ್ಟರಲ್ಲಿ ಜ್ವರ, ಉಬ್ಬಸ, ಮುಖಕ್ಕೆ ಆಮ್ಲಜನಕದ ಮಾಸ್ಕು. ಎದೆಯ ಬಲಭಾಗದ ಬುಡ ಎಕ್ಸ್-ರೇಯಲ್ಲಿ ಬೆಳ್ಳಗಾಗಿತ್ತು. ಫಲಕವನ್ನು ನಾನೇ ಮತ್ತೆ ಮಂಚಕ್ಕೆ ಹಾಕಿದೆ.

ಸೋಂಕು ಇಳಿಯಿತು, ಆದರೆ ಆಕೆ ಅರ್ಧಕ್ಕೆ ಇಳಿದಿದ್ದರು. ಕೆನ್ನೆ ಒಳಗೆ ಹೋಗಿತ್ತು. ಬೆಡ್ಡಿನ ಬದಿಯಲ್ಲಿ ಕೂತು, ಹೊಟ್ಟೆಗೆ ಕೊಳವೆ ಹಾಕಿಸಿಕೊಳ್ಳಿ ಆಂಟಿ, ಜೀವ ಉಳಿಯುತ್ತದೆ ಎಂದು ನಾನೂ ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ನನಗೆ ಸಿಟ್ಟು ಬಂತು. ಸಾಯಲು ಹೆದರಿಕೆಯೇ ಇಲ್ಲವಾ, ಇದೇನು ನಾಟಕವಾ ಎಂದು ಕೇಳಿಬಿಟ್ಟೆ. ರೋಗಿಯ ಹತ್ತಿರ ಆಡುವ ಮಾತಲ್ಲ ಅದು. ಆಂಟಿ ಮಾಸ್ಕು ಸರಿಸಿ, ಉಸಿರು ಎಳೆದೆಳೆದು ಮಾತಾಡಿದರು.

"ಹೆದರಿಕೆ ಉಂಟು. ನಿನ್ನೆ ಅತ್ತಿದ್ದೇನೆ. ಸಂತೋಷ ಅಂದ್ರೆ ಹೆದರಿಕೆ ಇಲ್ಲ ಅಂತ ಯಾರು ಹೇಳಿದ್ದು ನಿಂಗೆ? ನನ್ನ ಮಗಳ ಅಪ್ಪ ತೀರಿಕೊಂಡಾಗ ಅವಳು ಸಣ್ಣ ಮಗು. ನಂಗೆ ಪ್ರಾರ್ಥನೆ ಮಾಡ್ಲಿಕ್ಕೇ ಬರ್ಲಿಲ್ಲ. ಚರ್ಚಿಗೆ ಹೋದ್ರೆ ಎದ್ದು ಬರ್ತಿದ್ದೆ. ಈ ತುತ್ತಿನ ಅಭ್ಯಾಸ ಒಂದು ಬಿಡ್ಲಿಕ್ಕೆ ಆಗ್ಲಿಲ್ಲ. ಅಷ್ಟೇ ಉಳಿದದ್ದು. ಒಂದು ದಿನ ಬಾಯಲ್ಲಿ ಬ್ರೆಡ್ ಇಟ್ಟುಕೊಂಡು ಕೂತಾಗ ಗೊತ್ತಾಯ್ತು, ಯೇಸು ಎದುರಿಗೇ ಕೂತಿದ್ದಾನೆ, ಇಷ್ಟು ದಿನವೂ ಕೂತಿದ್ದ ಅಂತ. ಆವತ್ತಿಂದ ಎಷ್ಟು ಬಿದ್ರೂ ಕೆಳಗೆ ಒಂದು ನೆಲ ಉಂಟು. ಅದ್ರ ಕೆಳಗೆ ನಾನು ಹೋಗುದಿಲ್ಲ. ಆ ಕೊಳವೆ ಹಾಕಿದ್ರೆ ನಾನು ಸಾಯುದಿಲ್ಲ, ಸರಿ. ಆದ್ರೆ ಅವನ ಜೊತೆ ಊಟಕ್ಕೆ ಕೂತುಕೊಳ್ಳುದು ಹೇಗೆ?"

ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆರೋಗ್ಯವಾದ ಗಂಟಲು ಇದ್ದೂ ಏನು ತಿಂದೆನೆಂದು ನೆನಪಿಲ್ಲದವಳು ನಾನು, ಆ ಮಂಚದ ಮೇಲಿದ್ದ ಹೆಂಗಸನ್ನು ನೋಡಿ ಹೊಟ್ಟೆ ಉರಿದುಕೊಂಡೆ.

ತೀರ್ಮಾನದ ಸಭೆ ಕರೆದರು. ಸುದ್ದಿಯ ಗಂಭೀರತೆ ಆಕೆಗೆ ಪೂರ್ತಿ ತಿಳಿದಿದೆ, ಹೆದರಿಕೆಯೂ ಇದೆ, ಸಂತೋಷವೂ ಇದೆ, ಎರಡೂ ಒಟ್ಟಿಗಿರುವುದು ರೋಗವಲ್ಲ ಎಂದು ನಾನು ಹೇಳಿದೆ. ಕನ್ಸಲ್ಟೆಂಟ್ ಆಕೆಯನ್ನೇ ಮತ್ತೊಮ್ಮೆ ಕೇಳಿ ನೋಡಿ ಒಪ್ಪಿದ್ದರು. ಮೂಗಿನ ಕೊಳವೆ ತೆಗೆಯುವುದು, ಅಪಾಯ ತಿಳಿದೂ ಬಾಯಿಂದಲೇ ತಿನ್ನುವುದು, ಕಲಿತವರು ಮಾತ್ರ ಉಣಿಸುವುದು, ಮತ್ತೆ ಸೋಂಕು ಬಂದರೆ ಐಸಿಯುಗೆ ಒಯ್ಯದಿರುವುದು: ಇದು ನನ್ನ ಶಿಫಾರಸು. ಅದರ ಕೆಳಗೆ ನನ್ನ ಸಹಿ. ಇದರಿಂದ ಆಕೆ ಬೇಗ ಹೋಗಬಹುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸಭೆ ಮುಗಿಯುತ್ತಲೇ ಮಗಳು ಹೊರಗೆ ಓಣಿಯಲ್ಲಿ ನನ್ನನ್ನು ಹಿಡಿದಳು. ಮೊದಲ ಸಲ ಕನ್ನಡ ಆಡಿದಳು. "ನೀವೂ ಕ್ರಿಶ್ಚಿಯನ್. ಅದಕ್ಕೇ ಅಮ್ಮನ್ನ ಸಾಯೋಕೆ ಬಿಡ್ತಾ ಇದೀರ. ಇದು ಮೆಡಿಸಿನ್ ಅಲ್ಲ."

ನಾನು ಚರ್ಚಿಗೆ ಕಾಲಿಟ್ಟು ಎಷ್ಟು ಕಾಲವಾಯಿತು ಎಂದು ಹೇಳಬೇಕೆನಿಸಿತು. ಅದರ ಬದಲು ಬನ್ನಿ ಎಂದು ನನ್ನ ಕೋಣೆಗೆ ಕರೆದುಕೊಂಡು ಹೋಗಿ ವಿಡಿಯೋ ಹಾಕಿದೆ. ಡಾಕ್ಟರಲ್ಲವೇ, ವಿವರಿಸಬೇಕಾಗಲಿಲ್ಲ. ತಲೆ ತಗ್ಗಿದಾಗ ಶುದ್ಧ, ತಗ್ಗದಿದ್ದಾಗ ಸೋರಿಕೆ. ಮತ್ತೆ ಹಾಕಿ ಅಂದಳು. ಮತ್ತೆ. ಪರದೆಯ ಮೇಲೆ ತಾಯಿಯ ತಲೆಬುರುಡೆ ಮೆಲ್ಲಗೆ ಬಾಗುತ್ತಿತ್ತು, ಹಲ್ಲುಗಳ ಹಿಂದೆ ಕಪ್ಪು ತುತ್ತು ಕಾಯುತ್ತಿತ್ತು. ಚಿಕ್ಕವಳಿದ್ದಾಗ ಅಮ್ಮನ ಆ ಕಾಯುವಿಕೆಯನ್ನು ಕಂಡರೆ ತನಗೆ ಆಗುತ್ತಿರಲಿಲ್ಲ, ಸ್ನೇಹಿತರ ಮುಂದೆ ನಾಚಿಕೆಯಾಗುತ್ತಿತ್ತು ಎಂದಳು. ಆಮೇಲೆ ಅತ್ತಳು. ಅಳು ನಿಂತ ಮೇಲೆ, ಉಣಿಸುವುದನ್ನು ನನಗೆ ಕಲಿಸಿ ಅಂದಳು.

ರಜೆ ಹಾಕಿ ಬಂದು ಕೂತಳು. ತನಗೆ ದೇವರಿಲ್ಲ, ಇದು ಬರೀ ತಂತ್ರ ಎಂದು ನನಗೆ ಹೇಳಿಟ್ಟಿದ್ದಳು. ನನ್ನ ತಕರಾರೇನಿಲ್ಲ. ಸೋಸಿದ ಗಂಜಿಯನ್ನು ಥರ್ಮಸ್ಸಿನಲ್ಲಿ ತರುತ್ತಿದ್ದಳು. ಚಮಚ, ಗಲ್ಲ, ಕಾಯುವುದು, ಬೆರಳು, ನುಂಗು. ಒಂದು ಚಿಕ್ಕ ಬಟ್ಟಲು ಮುಗಿಯಲು ಊಟದ ಹೊತ್ತು ಪೂರಾ ಬೇಕು. ಹೊಟ್ಟೆ ತುಂಬುವಷ್ಟು ಹೋಗುತ್ತಿರಲಿಲ್ಲ, ಆಂಟಿ ದಿನದಿನಕ್ಕೆ ಸಣ್ಣಗಾಗುತ್ತಿದ್ದರು, ಅದನ್ನು ಮೂವರೂ ನೋಡುತ್ತಿದ್ದೆವು. ಮೊದಮೊದಲು ಮಗಳು ಕಾಯುವಾಗ ಫೋನ್ ನೋಡುತ್ತಿದ್ದಳು. ಆಮೇಲಾಮೇಲೆ ತಾಯಿಯ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಗೋಂದಿನಂಥ ಗಂಜಿಗೆ ಬರುತ್ತಿದ್ದ ಬೆಳಕನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ನನಗೂ ಆ ಹಾಸಿಗೆಯ ಹತ್ತಿರ ಏನಾದರೂ ನೆಪ ಹುಡುಕಿಕೊಂಡು ಹೋಗುವುದು ಅಭ್ಯಾಸವಾಯಿತು.

ಎರಡನೇ ಸ್ಟ್ರೋಕ್ ಬಂದಾಗ ಮಾತು ಪೂರ್ತಿ ಹೋಯಿತು. ಒಂದು ಕೈ ಮಾತ್ರ ಅಲ್ಲಾಡುತ್ತಿತ್ತು. ಇನ್ನೇನೂ ಮಾಡುವುದಿಲ್ಲ, ಆರಾಮವಾಗಿ ಇಡುತ್ತೇವೆ ಎಂದು ಕನ್ಸಲ್ಟೆಂಟ್ ಹೇಳಿ ಹೋದರು. ಮಾರನೆಯ ಮಧ್ಯಾಹ್ನ ಮಗಳು ಥರ್ಮಸ್ ಹಿಡಿದೇ ಬಂದಳು. ಯಾಕೆ ತಂದೆನೋ, ಬೆಳಿಗ್ಗೆ ಕೈ ಅದೇ ಮಾಡಿತು ಅಂದಳು. ನಾನು ಪರೀಕ್ಷೆ ಮಾಡಿದೆ. ಸ್ಪಂಜಿನಿಂದ ತುಟಿ ಒದ್ದೆ ಮಾಡಿ ಗಂಟಲ ಮೇಲೆ ಬೆರಳಿಟ್ಟು ಬಹಳ ಹೊತ್ತು ಕಾದೆ. ಗಂಟು ಏಳಲಿಲ್ಲ. ತಮ್ಮ ಎಂಜಲನ್ನೇ ನುಂಗಲು ಅವರಿಗೆ ಆಗುತ್ತಿರಲಿಲ್ಲ.

"ಆಗಲ್ಲ," ಅಂದೆ.

ಮಗಳು ಬಟ್ಟಲಿಗೆ ಬಗ್ಗಿಸಿದ್ದ ಗಂಜಿಯನ್ನು ಮತ್ತೆ ಥರ್ಮಸ್ಸಿಗೆ ಹಾಕಲು ಹೊರಟಳು. ಆಂಟಿಯ ಕೈ ಹೊದಿಕೆಯ ಮೇಲೆ ಸರಿದು ಬಂದು ಬಟ್ಟಲಿಗೆ ತಾಗಿತು. ಬೇಕು ಅನ್ನುತ್ತಿದ್ದಾರೆ ಎಂದುಕೊಂಡು ನಾನು, ಆಗುವುದಿಲ್ಲ ಆಂಟಿ ಅಂದೆ. ಕೈ ಬಟ್ಟಲನ್ನು ತಮ್ಮ ಕಡೆಗೆ ಎಳೆಯಲಿಲ್ಲ. ಮಗಳ ಕಡೆಗೆ ನೂಕಿತು. ಅವಳಿಗೂ ತಿಳಿಯಲಿಲ್ಲ. ಇನ್ನೊಮ್ಮೆ ನೂಕಿದರು, ಆಮೇಲೆ ಕಣ್ಣು ಮುಚ್ಚಿಕೊಂಡರು. ಗಲ್ಲ ತಗ್ಗಿಸಲು ಕತ್ತಿಗೆ ಶಕ್ತಿಯಿರಲಿಲ್ಲ. ತುಟಿ ಮಾತ್ರ ಸ್ವಲ್ಪ ಅದುರುತ್ತಿತ್ತು.

ಮಗಳು ಚಮಚ ತುಂಬಿ ತನ್ನ ಬಾಯಿಗಿಟ್ಟುಕೊಂಡಳು. ಗಲ್ಲವನ್ನು ಎದೆಗೆ ತಂದಳು. ಕಾದಳು. ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು. ತಾಯಿಯ ಬೆರಳು ಹೊದಿಕೆಯ ಮೇಲೆ ತಟ್ಟಿತು, ಅವಳು ನುಂಗಿದಳು. ಅಭ್ಯಾಸಬಲದಿಂದ ಅವಳ ಗಂಟಲನ್ನೇ ನೋಡಿದೆ. ಗಂಟು ಎದ್ದು ಸರಿಯಾಗಿ ಇಳಿಯಿತು.

ಆಮೇಲೆ ಕೈ ಬಟ್ಟಲನ್ನು ನನ್ನ ಕಡೆಗೆ ನೂಕಿತು. ನಾನು ಡ್ಯೂಟಿಯಲ್ಲಿದ್ದೆ, ಮೂವರು ರೋಗಿಗಳು ಕಾಯುತ್ತಿದ್ದರು. ಗ್ಲೌಸು ತೆಗೆದು ಕೂತೆ. ಗಂಜಿ ಆರಿತ್ತು, ಉಪ್ಪು ಕಡಿಮೆಯಾಗಿತ್ತು, ಪುಡಿಯಿಂದಾಗಿ ನಾಲಿಗೆಗೆ ಅಂಟಿಕೊಂಡಿತು. ಗಲ್ಲ ತಗ್ಗಿಸಿ ಕಣ್ಣು ಮುಚ್ಚಿದೆ. ಆಂಟಿಯ ಬೆರಳು ನನ್ನ ಮಣಿಕಟ್ಟಿನ ಮೇಲೆ ತಟ್ಟಿತು.

ನಾನು ನುಂಗಲಿಲ್ಲ. ನನ್ನದು ಇನ್ನೂ ಮುಗಿದಿರಲಿಲ್ಲ.